ಅಜ್ಜನ ಕಾಲದ ಗಿರಣಿ ಎಂಜಿನ್ ಟಕ್ ಟಕ್ ಅಂತಿದೆ, ಪೂರ್ತಿ ಬಿಚ್ಚಿ ಹೊಸದರಂತೆ ಮಾಡಿಸಬೇಕಾ?

ಬಿಚ್ಚಬೇಡಿ. ಸದ್ಯಕ್ಕೆ ಸ್ಪ್ಯಾನರ್ ಪೆಟ್ಟಿಗೆ ಮುಚ್ಚಿಡಿ.

ರಾಣೆಬೆನ್ನೂರು ಕಡೆಯ ಹಳ್ಳಿ, ಮುಚ್ಚಿದ ಗಿರಣಿ, ಲಿಸ್ಟರ್ ಮಾದರಿಯ ಆರು ಹಾರ್ಸ್‌ಪವರ್ ಎಂಜಿನ್. ಚಾಲೂ ಆಗುತ್ತದೆ, ಆದರೆ ಒಳಗೆ ಬಡಿತ. ಬೇರಿಂಗ್ ಹೋಗಿದೆ ಅಂತ ನಿಮ್ಮ ಅಂದಾಜು. ಪೂರ್ತಿ ಬಿಚ್ಚಿ, ಸ್ಯಾಂಡ್‌ಬ್ಲಾಸ್ಟ್ (ಮರಳು ಚಿಮ್ಮಿಸಿ ಉಜ್ಜುವುದು) ಮಾಡಿಸಿ, ಬಣ್ಣ ಹೊಡೆಸಿ ಹುಬ್ಬಳ್ಳಿ ಮನೆಯ ಮುಂದೆ ಇಡುವ ಆಸೆ. ಗಿರಣಿಯ ಕಲ್ಲು, ಶಾಫ್ಟು ಮಾತ್ರ ನಿಮ್ಮ ಕಾಕಾ ಗುಜರಿಗೆ ಹಾಕ್ತಾರೆ ಅಂತ ಬರೆದಿದ್ದೀರಿ. ನನ್ನದೂ ಇದೇ ಎಂಜಿನ್, ಇದೇ ಸದ್ದು, ಇದೇ ಆಸೆ ಆಗಿತ್ತು.

ನನಗೆ ಸಿಕ್ಕಿದ್ದು ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ. ಊರಿಗೆ ಕರೆಂಟ್ ಬಂದ ಮೇಲೆ ಆ ಗಿರಣಿಗೆ ಮೋಟರ್ ಕೂಡಿಸಿದ್ದರು. ಎಂಜಿನ್ ಮೂಲೆ ಸೇರಿ, ಕರೆಂಟ್ ಹೋದಾಗ ಮಾತ್ರ ಚಾಲೂ ಆಗುತ್ತಿತ್ತು. ಕಡೆಗೆ ಅದೂ ನಿಂತಿತು. ನಾನು ಗಿರಣಿ ಬಿಟ್ಟು ಎಂಜಿನ್ ಒಂದೇ ಕೇಳಲು ಹೋಗಿದ್ದೆ. ಮನೆಯ ಹಿರಿಯಮ್ಮ ಒಪ್ಪಲಿಲ್ಲ. "ಒಯ್ಯೋದಿದ್ರ ಎರಡೂ ಒಯ್ರಿ, ಇಲ್ಲಂದ್ರ ಎರಡೂ ಬಿಡ್ರಿ" ಅಂದರು. ಗಾಡಿ ಬಾಡಿಗೆ ಜಾಸ್ತಿ ಆಯ್ತಲ್ಲ ಅಂತ ಆಗ ಬೇಜಾರಾಗಿತ್ತು. ಇವತ್ತು ಆ ಅಮ್ಮನಿಗೆ ಕೈ ಮುಗಿಯುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಎಂಜಿನ್ ಮೂಲತಃ ಇಂಗ್ಲೆಂಡಿನ ಡರ್ಸ್ಲಿ ಊರಿನದು. 1930ರ ಸುಮಾರಿಗೆ ಬಂತು, 1987ರವರೆಗೂ ಅಲ್ಲಿ ತಯಾರಾಯಿತು. ನಮ್ಮ ಕಡೆ ಕಾಣುವುದರಲ್ಲಿ ಬಹಳಷ್ಟು ಗುಜರಾತಿನ ರಾಜ್‌ಕೋಟ್‌ನಲ್ಲಿ ಅದೇ ಅಚ್ಚಿನಲ್ಲಿ ಎರಕ ಹೊಯ್ದವು. ಒಂದೇ ಸಿಲಿಂಡರ್, ನಿಮಿಷಕ್ಕೆ 650 ಸುತ್ತು, ಎರಡೂ ಕಡೆ ಭಾರಿ ಗಾಲಿ, ಅಂದರೆ ಫ್ಲೈವೀಲ್. ಒಟ್ಟು ತೂಕ ಮುನ್ನೂರು ಕಿಲೋಗೂ ಜಾಸ್ತಿ. ಇಷ್ಟು ನಿಧಾನ ತಿರುಗುವುದಕ್ಕೇ ಇದಕ್ಕೆ ಇಷ್ಟು ಆಯುಷ್ಯ. ಹಾಗೇ, ಇಷ್ಟು ನಿಧಾನ ತಿರುಗುವುದರಿಂದಲೇ ಒಳಗಿನ ಒಂದೊಂದು ಬಡಿತವೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತದೆ. ಮೋಸ ಹೋಗುವುದು ಅಲ್ಲೇ.

ಮನೆಗೆ ತಂದು, ಡೀಸೆಲ್ ಹಾಕಿ, ಹ್ಯಾಂಡಲ್ ತಿರುಗಿಸಿದೆ. ಚಾಲೂ ಆಯಿತು. ಹೊಗೆ ಕಡಿಮೆ, ಎಳೆತ ಚೆನ್ನಾಗಿತ್ತು. ಆದರೆ ಕೆಳಗಿನಿಂದ ಟಕ್, ಟಕ್, ಟಕ್. ಪುಸ್ತಕ ಓದಿದ್ದೆ, ವಿಡಿಯೋ ನೋಡಿದ್ದೆ. ಕೆಳಗಿನ ಬಡಿತ ಅಂದರೆ ಬಿಗ್ ಎಂಡ್ ಬೇರಿಂಗ್ ಅಂತ ತೀರ್ಮಾನ ಮಾಡಿಬಿಟ್ಟೆ. ಪಿಸ್ಟನ್ನಿನಿಂದ ಬರುವ ಕನೆಕ್ಟಿಂಗ್ ರಾಡು ತಿರುಗುವ ಮುಖ್ಯ ಶಾಫ್ಟನ್ನು, ಅಂದರೆ ಕ್ರ್ಯಾಂಕನ್ನು, ಹಿಡಿಯುವ ಜಾಗ ಅದು. ಕ್ರ್ಯಾಂಕ್ ಇರುವ ಪೆಟ್ಟಿಗೆಯ, ಅಂದರೆ ಕ್ರ್ಯಾಂಕ್‌ಕೇಸಿನ, ಪಕ್ಕದಲ್ಲೇ ಬಾಗಿಲು ಇದೆ, ಎಂಜಿನ್ ಕೆಳಗಿಳಿಸದೆ ಕೈ ಹಾಕಬಹುದು. ಸುಲಭ ಇದೆ ಅಂತಲೇ ಕೈ ಹಾಕಿದೆ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನನಗೆ ಎಂಜಿನ್ ಕೊಂಡ ದುಡ್ಡಿಗಿಂತ ಜಾಸ್ತಿ ದುಡ್ಡು ಹೋಗಿದ್ದು ಇಲ್ಲೇ.

ಆ ಬೇರಿಂಗ್ ಎರಡು ಹೋಳಾಗಿರುತ್ತದೆ. ಒಳಮೈಗೆ ವೈಟ್ ಮೆಟಲ್ ಎರಕ, ತವರ ಜಾಸ್ತಿ ಇರುವ ಮೆತ್ತಗಿನ ಲೋಹ. ಎರಡು ಹೋಳು ಕೂಡುವ ಕಡೆ, ಎಡಕ್ಕೂ ಬಲಕ್ಕೂ, ಕಾಗದದಷ್ಟು ತೆಳ್ಳಗಿನ ತಗಡುಗಳ ಕಟ್ಟು ಇಟ್ಟಿರುತ್ತಾರೆ. ಇವೇ ಶಿಮ್. ಬೇರಿಂಗ್ ಸವೆದ ಹಾಗೆ ಒಂದೊಂದೇ ತಗಡು ತೆಗೆದು ಸಂದು ಕಡಿಮೆ ಮಾಡುತ್ತಾ ಬರಬೇಕು, ಅದಕ್ಕೇ ಅವು ಇರುವುದು. ಯಾವ ಬದಿಗೆ ಎಷ್ಟು, ಯಾವ ದಪ್ಪದವು ಅನ್ನುವುದು ಆ ಎಂಜಿನ್ನಿನ ಸ್ವಂತ ಲೆಕ್ಕ. ಹಿಂದಿನ ಫಿಟ್ಟರ್ ಕೈಯಿಂದ ಕೂಡಿಸಿದ ಲೆಕ್ಕ ಅದು, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನಾನು ಎರಡೂ ಬದಿಯ ತಗಡುಗಳನ್ನು ಒಂದೇ ಬುಟ್ಟಿಗೆ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದೆ. ಫಳಫಳ ಹೊಳೆದವು. ಯಾವುದು ಯಾವ ಕಡೆಯದು ಅಂತ ಗೊತ್ತಾಗಲಿಲ್ಲ.

ಅಂದಾಜಿನ ಮೇಲೆ ಸಮ ಹಂಚಿ ಬಿಗಿ ಮಾಡಿದೆ. ಚಾಲೂ ಮಾಡಿದರೆ ಬಡಿತ ಹಾಗೇ ಇದೆ. ಬೇರಿಂಗ್ ಇನ್ನೂ ಸಡಿಲ ಇದೆ ಅಂತ ಒಂದೊಂದು ತಗಡು ತೆಗೆದೆ. ಆಗಲೂ ಬಡಿತ. ಇನ್ನೊಂದೊಂದು ತೆಗೆದೆ. ಫ್ಲೈವೀಲ್ ಕೈಯಲ್ಲಿ ತಿರುಗಿಸುವಾಗ ಒಂದು ಕಡೆ ಬಿಗಿ ಹಿಡಿಯುತ್ತಿತ್ತು. ಅದೇ ಸೂಚನೆ, ನಾನು ಲಕ್ಷ್ಯ ಕೊಡಲಿಲ್ಲ. ಹೊಸ ಕೆಲಸ, ತಿರುಗಿ ತಿರುಗಿ ಕೂಡಿಕೊಳ್ಳುತ್ತೆ ಅಂದುಕೊಂಡೆ. ಎಣ್ಣೆ ಹೋಗಲು ಸಂದೇ ಇರಲಿಲ್ಲ. ವೈಟ್ ಮೆಟಲ್ ಸುಮಾರು 240 ಡಿಗ್ರಿಗೆಲ್ಲ ಕರಗಲು ಶುರುವಾಗುತ್ತದೆ. ಎಂಜಿನ್ ಭಾರ ಎಳೆಯುವ ಹಾಗೆ ಉಸಿರು ಕಟ್ಟಿತು, ಒಳಗಿನ ಗಾಳಿ ಹೊರಬಿಡುವ ಬ್ರೀದರಿನಿಂದ ನೀಲಿ ಹೊಗೆ ಬಂತು, ನಿಂತುಬಿಟ್ಟಿತು. ಬಾಗಿಲು ತೆಗೆದರೆ ಎಣ್ಣೆಯಲ್ಲಿ ಬೆಳ್ಳಗೆ ಹೊಳೆಯುವ ಚೂರುಗಳು. ಕ್ರ್ಯಾಂಕಿನ ಮೇಲೆ ಉಗುರು ಸಿಕ್ಕುವಷ್ಟು ಗೀರು.

ಆಮೇಲೆ ಪರಿಚಯದವರು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಮೊದಲು ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಫಿಟ್ಟರ್ ಕಾಕಾ ಅವರನ್ನು ಕರೆದುಕೊಂಡು ಬಂದರು. ಅವರು ಬಾಗಿಲ ಕಡೆ ನೋಡಲೇ ಇಲ್ಲ. ಸೀದಾ ಫ್ಲೈವೀಲ್ ಹತ್ತಿರ ಹೋಗಿ, ಶಾಫ್ಟಿಗೂ ವೀಲಿಗೂ ನಡುವೆ ಬಿಗಿಗೆ ಹೊಡೆದ ಬೆಣೆಯ, ಅಂದರೆ ಚಾವಿಯ, ಮೇಲೆ ಬೆರಳಿಟ್ಟರು. "ತಮ್ಮಾ, ಬೇರಿಂಗ್ ನಿನಗೇನ್ ಮಾಡಿತ್ತು? ಚಾವಿ ಸಡ್ಲ್ ಆಗೇತಿ ನೋಡ" ಅಂದರು. ಬೆರಳು ತೋರಿಸಿದರು. ಚಾವಿಯ ಅಂಚಿನಲ್ಲಿ ಕೆಂಪು ಪುಡಿ, ಒಣ ಕುಂಕುಮದ ಹಾಗೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದರೆ ಮಾತ್ರ ಬರುವ ತುಕ್ಕಿನ ಪುಡಿ ಅದು. ನಾನು ಎಂಜಿನ್ ಒರೆಸುವಾಗ ಎಷ್ಟೋ ಸಲ ಅದನ್ನು ಒರೆಸಿದ್ದೆ.

ಬಡಿತದ ಕಾರಣ ಇಷ್ಟೇ. ಒಂದೇ ಸಿಲಿಂಡರಿನ ಎಂಜಿನ್, ಎರಡು ಸಲ ಸುತ್ತಿದರೆ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 650 ಸುತ್ತು ಅಂದರೆ 325 ಸಲ ಶಾಫ್ಟು ಫ್ಲೈವೀಲನ್ನು ಜಾಡಿಸಿ ತಳ್ಳುತ್ತದೆ. ಉಳಿದ ಹೊತ್ತು ಫ್ಲೈವೀಲೇ ಶಾಫ್ಟನ್ನು ತಿರುಗಿಸುತ್ತದೆ. ಚಾವಿಯಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಆ ಭಾರಿ ವೀಲು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಬಡಿಯುತ್ತದೆ. ಸದ್ದು ಶಾಫ್ಟಿನ ಮೂಲಕ ಒಳಗೆ ಹೋಗಿ, ಕ್ರ್ಯಾಂಕ್‌ಕೇಸಿನ ಹೊಟ್ಟೆಯಿಂದ ಬಂದ ಹಾಗೆ ಕೇಳುತ್ತದೆ. ನನ್ನ ಬೇರಿಂಗ್ ಸರಿಯಾಗೇ ಇತ್ತು. ಸರಿ ಇದ್ದದ್ದನ್ನು ಬಿಚ್ಚಿ ಕೆಡಿಸಿದೆ.

ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ, ಅದರ ಹೊಸ ಅಳತೆಗೆ ಬೇರಿಂಗ್ ಎರಕ ಹೊಯ್ಸಿ, ಲೇತಿನಲ್ಲಿ ಬೋರ್ ಮಾಡಿಸಬೇಕಾಯಿತು. ಆ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು, 1941ರಲ್ಲಿ ಶುರುವಾದ ಕಾರ್ಖಾನೆ. ನಿಮ್ಮ ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಹರಿಹರ. ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಆ ಲೇತುಗಳು ಇನ್ನೂ ಕೆಲಸ ಮಾಡುತ್ತಿವೆ. 

ಎರಡನೇ ಸಲ ಸಂದು ನೋಡುವುದನ್ನು ಫಿಟ್ಟರ್ ಕಾಕಾ ಕಲಿಸಿಕೊಟ್ಟರು. ಸೀಸದ ತೆಳ್ಳಗಿನ ಫ್ಯೂಸ್ ವೈರಿನ ತುಂಡನ್ನು ಬೇರಿಂಗಿನೊಳಗೆ ಇಟ್ಟು ಬೋಲ್ಟ್ ಪೂರ್ತಿ ಬಿಗಿ ಮಾಡಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಶಾಫ್ಟಿನ ದಪ್ಪ ಒಂದು ಇಂಚಿಗೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು ಸಂದು, ಇದು ಹಳೆಯ ಫಿಟ್ಟರುಗಳ ಲೆಕ್ಕ. ಎರಡು ಇಂಚಿನ ಶಾಫ್ಟಿಗೆ ಎರಡು ಪಾಲು, ಸ್ವಲ್ಪ ಜಾಸ್ತಿ ಆದರೂ ನಡೆಯುತ್ತದೆ, ಕಡಿಮೆ ಆಗಬಾರದು. ತುಸು ಸಡಿಲ ಬೇರಿಂಗ್ ಬಹಳ ದಿನ ನಡೆದೀತು, ತೀರಾ ಬಿಗಿಯಾದ ಬೇರಿಂಗ್ ಬೇಗ ಸುಟ್ಟುಹೋಗುತ್ತದೆ.

ಹಾಗಾಗಿ ನೀವು ಮೊದಲು ಚಾವಿ ನೋಡಿ. ಎರಡೂ ಫ್ಲೈವೀಲ್, ಮತ್ತೆ ಪಟ್ಟಾ ಹಾಕುವ ಪುಲ್ಲಿ. ಒಣ ಬಟ್ಟೆಯಿಂದ ಒರೆಸಿ, ಎಂಜಿನ್ ಸ್ವಲ್ಪ ಓಡಿಸಿ, ಪೂರ್ತಿ ನಿಂತ ಮೇಲೆ ಮತ್ತೆ ನೋಡಿ. ಕೆಂಪು ಪುಡಿ ಬಂದಿದ್ದರೆ ಕಳ್ಳ ಸಿಕ್ಕಿದ. ಇನ್ನೊಂದು ಪರೀಕ್ಷೆ: ಓಡುವಾಗ ಡೀಸೆಲ್ ಪಂಪನ್ನು ಒಂದು ಕ್ಷಣ ತಡೆಯಿರಿ. ಉರಿ ನಿಂತ ಕೂಡಲೇ ಬಡಿತ ತಗ್ಗಿದರೆ ಬೇರಿಂಗಿನ ಕಡೆ ಅನುಮಾನ ಪಡಿ. ಹಾಗೇ ಇದ್ದರೆ ಫ್ಲೈವೀಲ್ ಕಡೆ. ಸಡಿಲ ಚಾವಿಯನ್ನು ಸುಮ್ನೆ ಸುತ್ತಿಗೆಯಿಂದ ಒಳಗೆ ಹೊಡೆಯಬೇಡಿ, ವೀಲಿನ ನಡು ಎರಕದ್ದು, ಸೀಳುತ್ತದೆ. ಚಾವಿಯ ಪೂರ್ತಿ ಉದ್ದ ಮೈ ತಾಗುವ ಹಾಗೆ ಅರದಿಂದ ಉಜ್ಜಿ ಕೂಡಿಸುವ ಫಿಟ್ಟರನ್ನು ಹುಡುಕಿ. ಅಲ್ಲಿಯವರೆಗೆ ಸಡಿಲ ವೀಲಿನ ಎಂಜಿನ್ ಹೆಚ್ಚು ಹೊತ್ತು ಓಡಿಸಬೇಡಿ. ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಸ್ಯಾಂಡ್‌ಬ್ಲಾಸ್ಟ್ ಬೇಡವೇ ಬೇಡ. ಒಳಗೆ ಎಣ್ಣೆ ಚಿಮ್ಮಿಸಿ ಬೇರಿಂಗ್ ತೋಯಿಸುವ ಎಂಜಿನ್ ಇದು. ಮೂಲೆಯಲ್ಲಿ ಹಿಡಿ ಮರಳು ಉಳಿದರೂ ಅದೇ ಎಣ್ಣೆ ಅದನ್ನು ಬೇರಿಂಗಿಗೆ ಒಯ್ಯುತ್ತದೆ. ರಾಜ್‌ಕೋಟ್ ಎಂಜಿನ್ನುಗಳಲ್ಲಿ ಎರಕದ ಮರಳೇ ಒಳಗೆ ಉಳಿದಿರುವುದುಂಟು. ಅದಕ್ಕೆ ತಳದ ಹಳೆ ಎಣ್ಣೆ ತೆಗೆದು ಬಟ್ಟೆಯಿಂದ ಒರೆಸಿ, ಇದೊಂದು ಮಾತ್ರ ತಪ್ಪದೆ ಮಾಡಿ. ಮೇಲಿನ ಜಿಡ್ಡಿಗೆ ಡೀಸೆಲ್ ಮತ್ತು ಬ್ರಷ್ ಸಾಕು. ಕೆಳಗೆ ಹಳೇ ಬಣ್ಣ ಚೆನ್ನಾಗೇ ಇರುತ್ತದೆ. ಹಿತ್ತಾಳೆಯ ಪ್ಲೇಟ್ ತೆಗೆಯಬೇಡಿ, ಪಾಲಿಶ್ ಹೊಡೆದು ಅಕ್ಷರ ಸವೆಸಬೇಡಿ. ನಮ್ಮ ಕಡೆ ಬೋರಿನ ಸವಳು ನೀರು ಹಾಕಿದ ಎಂಜಿನ್ ಆದರೆ ಸಿಲಿಂಡರ್ ಸುತ್ತಲಿನ ನೀರಿನ ಜಾಗದಲ್ಲಿ ಸುಣ್ಣದ ಪದರ ಕಟ್ಟಿರುತ್ತದೆ. ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ತುಂಬಿಡಿ, ಬಿಡುತ್ತದೆ. ಆಮೇಲೆ ಚೆನ್ನಾಗಿ ತೊಳೆಯಿರಿ.

ಈಗ ಗಿರಣಿಯ ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಬೇಜಾರಾಗಿದ್ದು ಇದೇ. ಎಂಜಿನ್ ಇಟ್ಟುಕೊಂಡು ಕಲ್ಲನ್ನು ಗುಜರಿಗೆ ಬಿಡುವುದು ಸರಿಯಲ್ಲ. ಭಾವನೆಗೋಸ್ಕರ ಹೇಳುತ್ತಿಲ್ಲ, ಎಂಜಿನ್ನಿಗೇ ಅದು ಬೇಕು. ಭಾರವಿಲ್ಲದೆ ಓಡಿಸುತ್ತಾ ಇದ್ದರೆ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿ ಏರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ, ಸಿಲಿಂಡರಿನ ಒಳಮೈ ಗಾಜಿನಂತೆ ನುಣುಪಾಗಿ ಪಿಸ್ಟನ್ ರಿಂಗು ಹಿಡಿಯುವುದಿಲ್ಲ. ಮನೆ ಮುಂದೆ ಇಟ್ಟು ನೆಂಟರು ಬಂದಾಗ ಐದು ನಿಮಿಷ ಓಡಿಸಿದರೆ ಕೆಡುತ್ತದೆ. ಜೋಳ ಬೀಸಿದರೆ ಉಳಿಯುತ್ತದೆ.

ನಮ್ಮ ಮನೆಯ ಹಿಂದೆ ಶೆಡ್ಡಿನಲ್ಲಿ ಈಗ ಎರಡೂ ಕೂಡಿವೆ. ಮೊದಲು ಕಲ್ಲಿನ ವೇಗ ಹೆಚ್ಚಾಗಿ ಹಿಟ್ಟು ಬಿಸಿ ಬರುತ್ತಿತ್ತು. ಮನೆಯಲ್ಲಿ "ಹಿಟ್ಟಿಗೆ ಜಿಗಿನೇ ಇಲ್ಲ, ರೊಟ್ಟಿ ಹರೀತಾವ" ಅಂದರು. ನೋಡಿದರೆ ನಾನು ಎಂಜಿನ್ನಿಗೆ ಮೂಲ ಪುಲ್ಲಿ ಬಿಟ್ಟು ಹೊಳೆಯುವ ದೊಡ್ಡ ಪುಲ್ಲಿ ಹಾಕಿಸಿದ್ದೆ. ಲೆಕ್ಕ ಸುಲಭ: ಎಂಜಿನ್ ಪುಲ್ಲಿಯ ವ್ಯಾಸವನ್ನು ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕದಿಂದ ಗುಣಿಸಿ, ಗಿರಣಿ ಪುಲ್ಲಿಯ ವ್ಯಾಸದಿಂದ ಭಾಗಿಸಿ. ಎಂಜಿನ್ 650 ಸುತ್ತು, ಅದರ ಪುಲ್ಲಿ 10 ಇಂಚು, ಗಿರಣಿಯದು 13 ಇಂಚು ಇದ್ದರೆ ಕಲ್ಲು 500 ಸುತ್ತು ತಿರುಗುತ್ತದೆ. ಮೂಲ ಪುಲ್ಲಿ ವಾಪಸ್ ಹಾಕಿ, ಕಲ್ಲಿನ ಗೆರೆಗಳನ್ನು ಉಳಿಯಿಂದ ಮತ್ತೆ ಕೊರೆಸಿದ ಮೇಲೆ ಹಿಟ್ಟು ಬೆಚ್ಚಗೆ, ನುಣ್ಣಗೆ ಬಿತ್ತು. ಅವತ್ತಿನ ರೊಟ್ಟಿ ಹರಿಯಲಿಲ್ಲ. ಓಣಿಯವರು ಈಗ ಜೋಳ ತರುತ್ತಾರೆ. ದುಡ್ಡು ತಗೊಳ್ಳುವುದಿಲ್ಲ, ಡೀಸೆಲ್ ನನ್ನದೇ. ಪಟ್ಟಾ ಸುತ್ತ ಜಾಳಿಗೆ ಕಟ್ಟಿಸಿದ್ದೇನೆ. ಸೆರಗು, ಪಂಚೆ, ಮಕ್ಕಳು ಯಾವುದೂ ಅದರ ಹತ್ತಿರ ಬರಬಾರದು. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ. ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ.

ಖರ್ಚು ಎಷ್ಟು ಅಂತ ಕೇಳಿದ್ದೀರಿ. ಚಾವಿ ಮಾತ್ರ ಆದರೆ ಫಿಟ್ಟರಿನ ಒಂದು ದಿನದ ಕೂಲಿ. ಪೂರ್ತಿ ಬಿಚ್ಚಿದರೆ ನನ್ನಷ್ಟು.

ಈ ಭಾನುವಾರವೇ ಊರಿಗೆ ಹೋಗಿ ನಿಮ್ಮ ಕಾಕಾ ಹತ್ತಿರ ಮಾತಾಡಿ. ಗುಜರಿಯವರು ಏನು ಕೊಡುತ್ತಾರೋ ಅದನ್ನು ನೀವೇ ಕೊಟ್ಟುಬಿಡಿ. ಟೇಪ್ ಒಯ್ಯಿರಿ. ಬೋಲ್ಟ್ ಬಿಚ್ಚುವ ಮೊದಲು ಎರಡೂ ಪುಲ್ಲಿಗಳ ವ್ಯಾಸ, ಎಂಜಿನ್ ಶಾಫ್ಟಿನಿಂದ ಗಿರಣಿ ಶಾಫ್ಟಿಗೆ ಇರುವ ದೂರ, ಪಟ್ಟಾ ನೇರ ಹಾಕಿದ್ದೋ ಅಡ್ಡ ತಿರುವಿ ಹಾಕಿದ್ದೋ, ಇಷ್ಟನ್ನು ಬರೆದುಕೊಳ್ಳಿ. ಅಡ್ಡ ತಿರುವಿದ್ದರೆ ಕಲ್ಲು ಉಲ್ಟಾ ತಿರುಗುತ್ತದೆ, ಅದನ್ನು ನೇರ ಹಾಕಿಬಿಟ್ಟರೆ ಹಿಟ್ಟು ಹೊರಗೆ ಸರಿಯಾಗಿ ಬರುವುದಿಲ್ಲ. ಫ್ಲೈವೀಲ್ ಚಾವಿಗಳ ಫೋಟೋ ಒರೆಸುವ ಮೊದಲೇ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.