ಸೀಜ್ ಆದ ಟೂರಿಂಗ್ ಬೈಕು: ಎಂಜಿನ್ ಬಿಚ್ಚುವ ಮುನ್ನ, ಕಟ್ಟಿದ ಮೇಲೆ

ದೂರದ ಸವಾರಿಗೆ ಬಳಸುವ ಬೈಕಿನ ಎಂಜಿನ್ ಸೀಜ್ ಆದಾಗ, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು ನಿಂತಾಗ, ಅದನ್ನು ಮನೆಯಲ್ಲೇ ಬಿಚ್ಚಿ ಸರಿಪಡಿಸುವ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನದು ಎರಡು ಸಿಲಿಂಡರಿನ, ಗಾಳಿಯಿಂದ ತಣಿಯುವ ಹಳೆಯ ಟೂರಿಂಗ್ ಬೈಕು. ಸಾಮಾನು ಹೇರಿಕೊಂಡು ಹೆದ್ದಾರಿಯಲ್ಲಿ ವೇಗವಾಗಿ ಹೋಗುತ್ತಿದ್ದಾಗ ಎಂಜಿನ್ ಹಿಡಿದುಕೊಂಡು ನಿಂತಿತು. ತಣ್ಣಗಾದ ಮೇಲೆ ತಿರುಗುತ್ತಿದೆ, ಆದರೆ ಎಳೆತವಿಲ್ಲ, ಹೊಗೆ ಬರುತ್ತಿದೆ. ಚಿಕ್ಕಪುಟ್ಟ ದುರಸ್ತಿ ಮಾಡಿ ಅಭ್ಯಾಸವಿದೆ. ಮನೆಯಲ್ಲೇ ಎಂಜಿನ್ ಕಟ್ಟಬಹುದೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಕಟ್ಟಬಹುದು. ಆದರೆ ಹೊಸ ಪಿಸ್ಟನ್, ರಿಂಗ್‌ಗಳನ್ನು ತರಿಸುವುದಕ್ಕಿಂತ ಮೊದಲು ಎಂಜಿನ್ ಏಕೆ ಹಿಡಿದುಕೊಂಡಿತು ಎಂಬುದು ನಿಮಗೆ ತಿಳಿದಿರಬೇಕು. ಕಾರಣವನ್ನು ಹಾಗೆಯೇ ಬಿಟ್ಟು ಹಾಕಿದ ಹೊಸ ಪಿಸ್ಟನ್ನಿಗೂ ಹಳೆಯದಕ್ಕಾದ ಗತಿಯೇ ಆಗುತ್ತದೆ. ತಿರುಗುತ್ತಿದೆಯಲ್ಲ ಎಂದು ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡಲು ಹೋಗಬೇಡಿ. ಬೋರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಗೋಡೆಯಿಂದ ಕಿತ್ತು ಬಂದ ಲೋಹದ ಚೂರುಗಳನ್ನು ಎಣ್ಣೆಯ ಪಂಪು ಬೇರಿಂಗ್‌ಗಳವರೆಗೂ ಕೊಂಡೊಯ್ಯಲು ಅರ್ಧ ನಿಮಿಷವೂ ಬೇಡ.

ಮೊದಲು ಎಣ್ಣೆಯನ್ನು ಶುಭ್ರವಾದ ತಟ್ಟೆಗೆ ಇಳಿಸಿ, ಎಷ್ಟು ಬಂತೆಂದು ಅಳೆದು ಬರೆದಿಡಿ. ದೂರದ ಸವಾರಿಯಲ್ಲಿ ಎಂಜಿನ್ ಗಂಟೆಗಟ್ಟಲೆ ಒಂದೇ ಸಮನೆ ದುಡಿಯುವುದರಿಂದ ಎಣ್ಣೆ ಸದ್ದಿಲ್ಲದೆ ಖರ್ಚಾಗುತ್ತದೆ, ಪೆಟ್ರೋಲ್ ಹಾಕಿಸಿದಷ್ಟು ನಿಯಮವಾಗಿ ಎಣ್ಣೆಯ ಮಟ್ಟವನ್ನು ಯಾರೂ ನೋಡುವುದಿಲ್ಲ. ಇರಬೇಕಾದುದರಲ್ಲಿ ಅರ್ಧದಷ್ಟೇ ಬಂದರೆ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಅಲ್ಲೇ ಸಿಕ್ಕಿತು. ಆ ಬಳಿಕ ಎಣ್ಣೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿನಲ್ಲಿ ನೋಡಿ. ಅಯಸ್ಕಾಂತಕ್ಕೆ ಅಂಟದ, ಬೆಳ್ಳಗೆ ಹೊಳೆಯುವ ಚೂರುಗಳು ಬಹುತೇಕ ಪಿಸ್ಟನ್ನಿನ ಅಲ್ಯೂಮಿನಿಯಂ. ಅಂಟುವ ಚೂರುಗಳಿದ್ದರೆ ಗೇರು, ರಿಂಗು ಅಥವಾ ರೋಲರ್ ಬೇರಿಂಗ್ ಕಡೆಗೆ ಅನುಮಾನ ಹೋಗಬೇಕು. ತಾಮ್ರದ ಬಣ್ಣದ ತೆಳುವಾದ ಹೊಪ್ಪಳೆಗಳು ಕಂಡರೆ ಬುಷ್ ಬೇರಿಂಗ್‌ಗಳು ಸವೆದಿವೆ ಎಂದರ್ಥ, ಆಗ ಮೇಲ್ಭಾಗವನ್ನಷ್ಟೇ ಬಿಚ್ಚಿದರೆ ಕೆಲಸ ಮುಗಿಯುವುದಿಲ್ಲ.

ಹೆಡ್ಡನ್ನೂ (ಸಿಲಿಂಡರಿನ ಮೇಲಿನ ಮುಚ್ಚಳ) ಬ್ಲಾಕನ್ನೂ (ಸಿಲಿಂಡರುಗಳಿರುವ ಭಾಗ) ಎತ್ತಿದ ಮೇಲೆ ಪಿಸ್ಟನ್‌ಗಳನ್ನು ತೊಳೆಯಲು ಆತುರಪಡಬೇಡಿ. ಗೀರು ಬಿದ್ದಿರುವ ಜಾಗವೇ ಸಾಕ್ಷಿ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ ಎರಡೂ ಪಕ್ಕಗಳಲ್ಲಿ, ಒಟ್ಟು ನಾಲ್ಕು ಮೂಲೆಗಳಲ್ಲಿ ಉಜ್ಜಿದ ಗುರುತುಗಳಿದ್ದರೆ ಪಿಸ್ಟನ್ ಮಿತಿ ಮೀರಿ ಕಾದು ಹಿಗ್ಗಿದೆ. ಪಿನ್ ಕೂರುವ ಕಡೆ ಲೋಹ ದಪ್ಪವಾಗಿರುವುದರಿಂದ ಅದರ ಆಸುಪಾಸಿನ ಭಾಗ ಹೆಚ್ಚು ಹಿಗ್ಗಿ ಮೊದಲು ಗೋಡೆಗೆ ತಾಗುತ್ತದೆ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹವಾದುದರಿಂದ, ತಣ್ಣಗಿರುವಾಗ ಅವೆರಡರ ನಡುವೆ ಇರುವ 0.03ರಿಂದ 0.06 ಮಿ.ಮೀ. ಸಡಿಲ ಅತಿಯಾದ ಬಿಸಿಗೆ ಪೂರ್ತಿ ಮಾಯವಾಗುತ್ತದೆ. ಇದಕ್ಕೆ ಬದಲಾಗಿ ಪಿಸ್ಟನ್ನಿನ ಕೆಳಗಿನ ಸ್ಕರ್ಟ್ ಭಾಗದ ಎದುರುಬದುರು ಮುಖಗಳಲ್ಲಿ ಮೇಲಿಂದ ಕೆಳಗಿನವರೆಗೆ ಉದ್ದವಾದ ಗೀರುಗಳಿದ್ದರೆ ಎಣ್ಣೆಯ ಪದರ ಹರಿದಿದೆ. ಪಿಸ್ಟನ್ನಿನ ತಲೆಯಲ್ಲಿ ತೂತು ಬಿದ್ದಿದ್ದರೆ ಅಥವಾ ರಿಂಗ್‌ಗಳ ನಡುವಿನ ಅಂಚು ಒಡೆದಿದ್ದರೆ ಅದು ದಹನದ ದೋಷ: ಪೆಟ್ರೋಲ್ ಕಡಿಮೆಯಾದ ಮಿಶ್ರಣ, ಮುಂದಾದ ಇಗ್ನಿಷನ್, ಎಂಜಿನ್ನಿಗೆ ಹೊಂದದ ಪ್ಲಗ್, ಅಥವಾ ತುಂಬಿದ ಭಾರ ಹೊತ್ತು ಏರಿನಲ್ಲಿ ಮೇಲಿನ ಗೇರಿನಲ್ಲೇ ಎಳೆದಾಗ ಕೇಳಿಸುವ ಕಟಕಟ ನಾಕಿಂಗ್.

ಎರಡು ಸಿಲಿಂಡರಿನ ಎಂಜಿನ್ನಿಗೆ ಇನ್ನೊಂದು ಅನುಕೂಲವಿದೆ. ಒಂದು ಪಿಸ್ಟನ್ ಕೆಟ್ಟು ಇನ್ನೊಂದು ಚೆನ್ನಾಗಿದ್ದರೆ ಆ ಒಂದಕ್ಕೇ ಸೇರಿದ ಭಾಗಗಳಲ್ಲಿ ದೋಷ ಹುಡುಕಿ: ಕಾರ್ಬ್ಯುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರ್ ಕೊಳವೆ ಬಿರುಕುಬಿಟ್ಟು ಗಾಳಿ ಎಳೆಯುತ್ತಿರಬಹುದು, ಜೆಟ್ ಕಟ್ಟಿಕೊಂಡಿರಬಹುದು, ಆ ಕಡೆಯ ಎಣ್ಣೆಯ ದಾರಿ ಮುಚ್ಚಿರಬಹುದು. ಎರಡೂ ಒಂದೇ ರೀತಿ ಹಾಳಾಗಿದ್ದರೆ ಎರಡಕ್ಕೂ ಸಮಾನವಾದ ಎಣ್ಣೆಯ ಪಂಪು, ಎಣ್ಣೆಯ ಮಟ್ಟ, ಇಗ್ನಿಷನ್ ಟೈಮಿಂಗ್, ಗಾಳಿ ತಗುಲದ ತಂಪುರೆಕ್ಕೆಗಳು ಇವನ್ನು ನೋಡಿ.

ಪ್ರಶ್ನೆ: ಬೋರಿನ ಒಳಗೆ ಗೆರೆಗಳು ಬಿದ್ದಿವೆ. ಎಮೆರಿ ಕಾಗದದಲ್ಲಿ ಉಜ್ಜಿ, ಹೊಸ ರಿಂಗ್ ಹಾಕಿದರೆ ಸಾಲದೇ?

ಉತ್ತರ: ಅವು ಗೆರೆಗಳೋ, ಅಂಟಿಕೊಂಡ ಅಲ್ಯೂಮಿನಿಯಮ್ಮೋ ಎಂಬುದನ್ನು ಮೊದಲು ನೋಡಬೇಕು. ಉಗುರನ್ನು ಅಡ್ಡಡ್ಡವಾಗಿ ಎಳೆಯಿರಿ. ಉಗುರು ತಗ್ಗಿಗೆ ಸಿಕ್ಕಿಕೊಂಡರೆ ಅದು ಗೋಡೆಯನ್ನೇ ಕೊರೆದ ಗೀರು. ಉಬ್ಬಿಗೆ ತಡೆದು ಮೇಲೇರಿದರೆ ಅದು ಪಿಸ್ಟನ್ನಿನಿಂದ ಕರಗಿ ಬಂದು ಮೆತ್ತಿದ ಲೋಹ. ಎರಡನೆಯದಾದರೆ ಬೋರ್ ಉಳಿಯುವ ಸಾಧ್ಯತೆ ಇದೆ.

ಮುಂದಿನ ದಾರಿ ಗೋಡೆ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಎರಕದ ಕಬ್ಬಿಣದ ಲೈನರ್ (ಬ್ಲಾಕಿನೊಳಗೆ ಕೂಡಿಸಿದ ಕೊಳವೆ) ಇದ್ದರೆ ಲೇತ್ ಕಾರ್ಖಾನೆಯಲ್ಲಿ ಬೋರಿಂಗ್ ಮಾಡಿಸಿ, ಅಂದರೆ ಬೋರನ್ನು ತುಸು ದೊಡ್ಡದಾಗಿ ಕೊರೆಸಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರಿಂಗಿಗೆ ಕೊಡಿ, ಏಕೆಂದರೆ ಅದನ್ನು ಅಳೆದು ಅದಕ್ಕೆ ಬೇಕಾದ ಸಡಿಲವನ್ನು ಬಿಟ್ಟು ಕೊರೆಯಬೇಕೇ ಹೊರತು ಪೆಟ್ಟಿಗೆಯ ಮೇಲೆ ಅಚ್ಚಾದ ಅಳತೆಯನ್ನು ನಂಬಿ ಅಲ್ಲ. ಅಲ್ಯೂಮಿನಿಯಂ ಬ್ಲಾಕಿನ ಮೇಲೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ ಕೊಟ್ಟ ನಿಕಾಸಿಲ್ ಬಗೆಯ ಬೋರಾದರೆ ಓವರ್‌ಸೈಜ್ ಬೋರಿಂಗಿನ ಮಾತೇ ಬರುವುದಿಲ್ಲ. ಲೇಪ ಕಿತ್ತಿದ್ದರೆ ಪರಿಣತರಲ್ಲಿ ಮರುಲೇಪ ಮಾಡಿಸಬೇಕು, ಇಲ್ಲವೇ ಬ್ಲಾಕನ್ನು ಬದಲಿಸಬೇಕು. ಮೆತ್ತಿದ ಅಲ್ಯೂಮಿನಿಯಮ್ಮನ್ನು ಕಾಸ್ಟಿಕ್ ಸೋಡಾದಿಂದ ಕರಗಿಸಬಹುದು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಅದು ಕಬ್ಬಿಣದ ಲೈನರಿನ ಮೇಲೆ ಕೆಲಸ ಮಾಡುವುದು ನಿಜ, ಆದರೆ ಅಲ್ಯೂಮಿನಿಯಂ ಬ್ಲಾಕಿಗೆ ತಗುಲಿದರೆ ಬ್ಲಾಕನ್ನೂ ತಿನ್ನುತ್ತದೆ. ಕಣ್ಣಿಗೆ, ಚರ್ಮಕ್ಕೆ ಅಪಾಯಕಾರಿ ಎಂಬುದು ಬೇರೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಅಳೆಯದೆ ಒಪ್ಪಿಕೊಳ್ಳಬೇಡಿ. ಮೇಲೆ, ನಡುವೆ, ಕೆಳಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಪಿನ್ನಿನ ದಿಕ್ಕಿಗೆ ಒಮ್ಮೆ ಮತ್ತು ಅದಕ್ಕೆ ಅಡ್ಡವಾಗಿ ಒಮ್ಮೆ ಬೋರ್ ಗೇಜ್ ಇಟ್ಟು ಅಳೆಯಿರಿ. ಈ ಅಳತೆಗಳ ನಡುವಿನ ವ್ಯತ್ಯಾಸವೇ ಬೋರ್ ಎಷ್ಟು ಅಂಡಾಕಾರವಾಗಿದೆ, ಎಷ್ಟು ಓರೆಯಾಗಿ ಸವೆದಿದೆ ಎಂಬುದನ್ನು ಹೇಳುತ್ತದೆ. ಪಿಸ್ಟನ್ನನ್ನು ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ ಕೆಳ ಅಂಚಿಗಿಂತ ತುಸು ಮೇಲೆ, ನಿಮ್ಮ ಬೈಕಿನ ಕೈಪಿಡಿ ಹೇಳಿದ ಎತ್ತರದಲ್ಲೇ ಅಳೆಯಬೇಕು. ಪಿಸ್ಟನ್ ಪೂರ್ತಿ ದುಂಡಾಗಿರುವುದಿಲ್ಲ, ತಲೆಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ. ಹಾಗಾಗಿ ಬೇರೆ ಕಡೆ ಅಳೆದ ಸಂಖ್ಯೆ ಯಾವ ಉಪಯೋಗಕ್ಕೂ ಬಾರದು. ಎಮೆರಿ ಕಾಗದವನ್ನಂತೂ ಮರೆತುಬಿಡಿ. ಹೊಸ ರಿಂಗ್ ಕೂರಲು ಗೋಡೆಯ ಮೇಲೆ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೆರೆಗಳ ಜಾಲ ಬೇಕು, ಆ ಗೆರೆಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ, ಮತ್ತು ಅದನ್ನು ಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜುವ ಹೋನಿಂಗ್ ಯಂತ್ರವೇ ಕೊಡಬೇಕು. ಹೋನಿಂಗ್ ಆಗಿ ಬಂದ ಬ್ಲಾಕನ್ನು ಪೆಟ್ರೋಲಿನಲ್ಲಲ್ಲ, ಬಿಸಿ ಸೋಪು ನೀರಿನಲ್ಲಿ ಬ್ರಷ್ ಹಾಕಿ, ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬೂದು ಬಣ್ಣಕ್ಕೆ ತಿರುಗದಿರುವವರೆಗೂ ತೊಳೆದು, ಕೂಡಲೇ ಎಣ್ಣೆ ಸವರಿಡಿ.

ಪ್ರಶ್ನೆ: ಕ್ರ್ಯಾಂಕ್ ತಿರುಗುವ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್ ಕೇಸನ್ನೂ ಬಿಚ್ಚಲೇಬೇಕೇ?

ಉತ್ತರ: ಫಿಲ್ಟರಿನಲ್ಲಿ ಬೇರಿಂಗಿನ ಲೋಹ ಕಂಡಿದ್ದರೆ ಅಥವಾ ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲೆ ಕೆಳಗೆ ಎಳೆದಾಗ ಕಟ್ ಎಂದು ಆಡಿದರೆ ಬಿಚ್ಚಲೇಬೇಕು. ರಾಡ್ ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಮೇಲೆ ಕೆಳಗೆ ಆಡಬಾರದು. ಬುಷ್ ಬೇರಿಂಗ್ ಇರುವ ಕ್ರ್ಯಾಂಕ್ ಆದರೆ ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ಎಳೆಯನ್ನು ಒಳಗಿಟ್ಟು, ಹೇಳಿದ ಟಾರ್ಕಿಗೆ ಬಿಗಿದು, ಕ್ರ್ಯಾಂಕನ್ನು ತಿರುಗಿಸದೆ ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂಬುದನ್ನು ಅದರ ಜೊತೆ ಬರುವ ಪಟ್ಟಿಗೆ ಹೋಲಿಸಿ ಸಡಿಲವನ್ನು ತಿಳಿಯಬಹುದು. ಇದು ಮನೆಯಲ್ಲಿ ಮಾಡಬಹುದಾದ ಕೆಲಸ. ಒತ್ತಿ ಕೂಡಿಸಿದ, ರೋಲರ್ ಬೇರಿಂಗಿನ ಕ್ರ್ಯಾಂಕಿನ ದುರಸ್ತಿಯಾದರೋ ಪ್ರೆಸ್, ಜಿಗ್, ಡಯಲ್ ಗೇಜ್ ಮತ್ತು ಅನುಭವ ಇರುವವರ ಕೈಗೇ ಹೋಗಬೇಕು. ಸುತ್ತಿಗೆಯಿಂದ ಅದನ್ನು ನೇರ ಮಾಡಲು ಕೂರಬೇಡಿ.

ಬೇರಿಂಗ್ ಪುಡಿಯಾದ ಎಂಜಿನ್ನಿನಲ್ಲಿ ಎಲ್ಲರೂ ಮರೆಯುವ ಭಾಗ ಎಣ್ಣೆಯ ಕೂಲರ್. ಅದರ ಸಣ್ಣ ಕೊಳವೆಗಳಲ್ಲಿ ಸಿಕ್ಕ ಚೂರುಗಳನ್ನು ಪೂರ್ತಿಯಾಗಿ ತೊಳೆದು ತೆಗೆಯುವುದು ಅಸಾಧ್ಯವೆಂದೇ ತಿಳಿಯಿರಿ. ಹೊಸ ಬೇರಿಂಗಿನ ಜೊತೆ ಹಳೆಯ ಕೂಲರ್ ಇಟ್ಟರೆ ಅಲ್ಲಿ ಉಳಿದ ಚೂರು ಮೊದಲ ಸವಾರಿಯಲ್ಲೇ ಹೊರಬರುತ್ತದೆ. ಕೂಲರನ್ನು ಬದಲಿಸಿ.

ಪ್ರಶ್ನೆ: ಸ್ಕ್ರೂಗಳ ತಲೆ ಸವೆದು ಹೋಗುತ್ತಿದೆ, ಬಿಚ್ಚಲು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮದು ಜಪಾನಿನ ಬೈಕಾಗಿದ್ದರೆ ತಪ್ಪು ಸ್ಕ್ರೂಡ್ರೈವರಿನದ್ದಿರಬಹುದು. ಅವುಗಳ ಕೂಡು ಗುರುತಿನ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ನೋಡಲು ಫಿಲಿಪ್ಸ್‌ನಂತೆಯೇ ಇದ್ದರೂ ಫಿಲಿಪ್ಸ್ ತುದಿ ಅವುಗಳ ತಳಕ್ಕೆ ಕೂರದೆ ಜಾರಿ ತಲೆಯನ್ನು ಕೆಡಿಸುತ್ತದೆ. ಸರಿಯಾದ ತುದಿ ಹಾಕಿದ ಇಂಪ್ಯಾಕ್ಟ್ ಡ್ರೈವರನ್ನು ಸುತ್ತಿಗೆಯಿಂದ ಒಮ್ಮೆ ಗಟ್ಟಿಯಾಗಿ ಹೊಡೆದರೆ ಬಹುತೇಕ ಸ್ಕ್ರೂಗಳು ಬಿಡುತ್ತವೆ. ಬಿಡದಿದ್ದರೆ ಸುತ್ತಲಿನ ಅಲ್ಯೂಮಿನಿಯಮ್ಮಿಗೆ ಹೀಟ್ ಗನ್ನಿನಿಂದ ಬಿಸಿ ಕೊಡಿ. ಅದಕ್ಕೂ ಮುನ್ನ ಟ್ಯಾಂಕನ್ನು ತೆಗೆದು ದೂರವಿಡಿ, ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗ ಪೂರ್ತಿ ಒಣಗಿರಲಿ. ಕ್ಲೋರಿನ್ ಇರುವ ಕ್ಲೀನರ್ ತೀವ್ರ ಬಿಸಿಗೆ ವಿಷಾನಿಲವನ್ನು ಬಿಡುತ್ತದೆ. ತೂತಿನ ಒಳಗಿನ ಮರೆಯೇ (ಸ್ಕ್ರೂ ಹಿಡಿಯುವ ಸುರುಳಿ ಗೆರೆ) ಕಿತ್ತು ಬಂದರೆ ಹೆಲಿಕಾಯಿಲ್ ಎಂಬ ತಂತಿಯ ಸುರುಳಿಯನ್ನು ಕೂಡಿಸಿ. ಅಲ್ಯೂಮಿನಿಯಂ ಮರೆಗೆ ಹೋಲಿಸಿದರೆ ಅದು ಗಟ್ಟಿಯೇ.

ಬಿಚ್ಚಿದ ಬೋಲ್ಟುಗಳ ವಿಷಯವಾಗಿ ಒಂದು ಮಾತು. ಒಂದೇ ಕವರಿಗೆ ಬೇರೆ ಬೇರೆ ಉದ್ದದ ಬೋಲ್ಟುಗಳಿರುತ್ತವೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟ್ ಇದ್ದ ಜಾಗದಲ್ಲೇ ತೂತು ಮಾಡಿ ಅದನ್ನು ಸಿಕ್ಕಿಸಿಡಿ. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ ಬೋಲ್ಟ್ ಹಾಕಿ ಬಿಗಿದರೆ ಅದು ಕೇಸನ್ನು ಒಳಗಿನಿಂದ ಒಡೆಯುತ್ತದೆ.

ಪ್ರಶ್ನೆ: ಮತ್ತೆ ಜೋಡಿಸುವಾಗ ಹೊಸಬರು ಎಲ್ಲಿ ಎಡವುತ್ತಾರೆ?

ಉತ್ತರ: ರಿಂಗ್, ಸರ್ಕ್ಲಿಪ್ (ಪಿನ್ ಹೊರಬಾರದಂತೆ ತಡೆಯುವ ತಂತಿಯ ಕ್ಲಿಪ್) ಮತ್ತು ಟೈಮಿಂಗ್ (ಕ್ರ್ಯಾಂಕಿಗೂ ವಾಲ್ವ್‌ಗಳಿಗೂ ಇರುವ ಹೊಂದಾಣಿಕೆ), ಈ ಮೂರರಲ್ಲಿ. ಪ್ರತಿ ರಿಂಗನ್ನೂ ಪಿಸ್ಟನ್ನಿಗೆ ಹಾಕುವ ಮೊದಲು ಬರೀ ಬೋರಿನೊಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಸಮವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳು) ಅಳೆಯಿರಿ. ಬೋರಿನ ವ್ಯಾಸ 100 ಮಿ.ಮೀ. ಇದ್ದರೆ ಸಂದು ಸುಮಾರು 0.4 ಮಿ.ಮೀ. ಎಂಬ ಲೆಕ್ಕ ಅಂದಾಜಿಗೆ ಸರಿ, ಕೊನೆಯ ಮಾತು ಕೈಪಿಡಿಯದ್ದು. ಸಂದು ಕಡಿಮೆಯಾದರೆ ಬಿಸಿಯಲ್ಲಿ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ. ಗುರುತು ಇರುವ ಮುಖ ಮೇಲಕ್ಕಿರಲಿ, ರಿಂಗ್‌ಗಳ ಸಂದುಗಳು ಒಂದರ ಕೆಳಗೊಂದು ಬಾರದಿರಲಿ.

ಪಿನ್ನಿನ ಸರ್ಕ್ಲಿಪ್ಪುಗಳನ್ನು ಮರುಬಳಕೆ ಮಾಡಬಾರದು. ಹಾಕುವ ಮುನ್ನ ಕ್ರ್ಯಾಂಕ್ ಕೇಸಿನ ಬಾಯಿಗೆ ಎಳೆ ಬಿಡದ ಬಟ್ಟೆ ತುರುಕಿ, ಏಕೆಂದರೆ ಇಕ್ಕುಳದಿಂದ ಚಿಮ್ಮಿದ ಕ್ಲಿಪ್ ಹೋಗುವುದೇ ಅಲ್ಲಿಗೆ. ಕ್ಲಿಪ್ಪನ್ನು ಕೂರಿಸಿದ ಮೇಲೆ ಅದು ತನ್ನ ತೋಡಿನಲ್ಲಿ ಸುತ್ತಲೂ ಕೂತಿದೆಯೇ ಎಂದು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ ನೋಡಿ. ಅದರ ತೆರೆದ ಬಾಯಿ ಪಿಸ್ಟನ್ನಿನ ಕಚ್ಚಿನ ಎದುರಿಗೆ ಬರಬಾರದು.

ಹೆಡ್ ಕೂರಿಸುವ ಮುನ್ನ ನೇರವಾದ ಉಕ್ಕಿನ ಪಟ್ಟಿಯನ್ನು ಕರ್ಣರೇಖೆಯಲ್ಲಿ ಇಟ್ಟು, ಅಡಿಯಲ್ಲಿ 0.05 ಮಿ.ಮೀ. ಫೀಲರ್ ನುಗ್ಗುತ್ತದೆಯೇ ನೋಡಿ. ನುಗ್ಗಿದರೆ ಹೆಡ್ ಬಾಗಿರುವ ಸಾಧ್ಯತೆ ಇದೆ, ಕೈಪಿಡಿಯ ಮಿತಿಗೆ ಹೋಲಿಸಿ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಅಡ್ಡಡ್ಡವಾಗಿ, ಎರಡು ಮೂರು ಹಂತಗಳಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಸೀಲಂಟನ್ನು ತೆಳುವಾಗಿ ಸವರಿ. ಒಳಗೆ ಹಿಂಡಿಕೊಂಡು ಬಂದ ತುಣುಕು ಕಿತ್ತು ಎಣ್ಣೆಯ ದಾರಿಯನ್ನು ಮುಚ್ಚಬಲ್ಲದು.

ಟೈಮಿಂಗ್ ಗುರುತುಗಳನ್ನು ಕೂಡಿಸಿದ ಮೇಲೆ ಸ್ಟಾರ್ಟರ್ ಮುಟ್ಟದೆ, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅದೇ ಜಾಗಕ್ಕೆ ಬಂದವೇ ನೋಡಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆ.

ಪ್ರಶ್ನೆ: ಇಷ್ಟೆಲ್ಲ ಕಷ್ಟಕ್ಕಿಂತ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ಕೂರಿಸುವುದು ಮೇಲಲ್ಲವೇ?

ಉತ್ತರ: ಕೇಸ್ ಒಡೆದಿದ್ದರೆ, ಕ್ರ್ಯಾಂಕ್ ಕೆಟ್ಟಿದ್ದರೆ ಹೌದು. ಬರೀ ಪಿಸ್ಟನ್, ಬೋರಿನ ಸಮಸ್ಯೆಯಾದರೆ ಒಳಗನ್ನು ನೋಡಿರದ ಎಂಜಿನ್ನಿಗಿಂತ ನೀವೇ ಅಳೆದು ಕಟ್ಟಿದ್ದು ಮೇಲು. ತಂದರೂ ಕಂಪ್ರೆಷನ್ ಪರೀಕ್ಷಿಸದೆ ಕೂರಿಸಬೇಡಿ.

ಪ್ರಶ್ನೆ: ಎಂಜಿನ್ ಕಟ್ಟಿಯಾಯಿತು. ಮೊದಲ ಸಲ ಸ್ಟಾರ್ಟ್ ಮಾಡುವುದು ಹೇಗೆ? ನಿಲ್ಲಿಸಿದಲ್ಲೇ ಒಂದು ಗಂಟೆ ಓಡಿಸಬೇಕೆನ್ನುತ್ತಾರೆ, ಸರಿಯೇ?

ಉತ್ತರ: ಸರಿಯಲ್ಲ. ನಿಂತಲ್ಲೇ ನಿಧಾನವಾಗಿ ಓಡುವ ಎಂಜಿನ್ನಿನಲ್ಲಿ ರಿಂಗನ್ನು ಗೋಡೆಗೆ ಒತ್ತುವಷ್ಟು ಅನಿಲದ ಒತ್ತಡ ಹುಟ್ಟುವುದಿಲ್ಲ. ಹೋನಿಂಗ್ ಗೆರೆಗಳ ಮೇಲೆ ನುಣುಪಾದ ಪೊರೆ ಕಟ್ಟಿ ರಿಂಗ್ ಕೊನೆಗೂ ಕೂರುವುದೇ ಇಲ್ಲ. ಜೊತೆಗೆ ಗಾಳಿಯಿಂದ ತಣಿಯುವ ಎಂಜಿನ್ ನಿಂತಲ್ಲಿ ಬೇಗ ಕಾಯುತ್ತದೆ.

ಪ್ಲಗ್‌ಗಳನ್ನು ತೆಗೆದು, ಇಗ್ನಿಷನ್ ಕೆಲಸ ಮಾಡದಂತೆ ಕೈಪಿಡಿ ಹೇಳಿದ ರೀತಿಯಲ್ಲಿ ತಡೆದು, ಎಣ್ಣೆಯ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ. ಸ್ಟಾರ್ಟ್ ಆದ ಮೇಲೆ ಸೋರಿಕೆ ನೋಡಿಕೊಂಡು, ಎಂಜಿನ್ ಬೆಚ್ಚಗಾದ ಕೂಡಲೇ ಸಾಮಾನು, ಹಿಂಬದಿ ಸವಾರ ಯಾರೂ ಇಲ್ಲದೆ ರಸ್ತೆಗಿಳಿಯಿರಿ. ಮಧ್ಯಮ ವೇಗದಲ್ಲಿ ಥ್ರಾಟಲನ್ನು ತುಸು ಹೆಚ್ಚು ಕೊಡುವುದು, ಪೂರ್ತಿ ಬಿಟ್ಟು ಎಂಜಿನ್ ಬ್ರೇಕಿಂಗಿನಲ್ಲಿ ನಿಧಾನವಾಗುವುದು, ಹೀಗೆ ಹೊರೆಯನ್ನು ಏರಿಳಿಸುತ್ತಿರಿ. ಮೇಲಿನ ಗೇರಿನಲ್ಲಿ ಒದ್ದಾಡಿಸಬೇಡಿ, ಒಂದೇ ವೇಗದಲ್ಲಿ ದೂರ ಹೋಗಬೇಡಿ. ಮೊದಲ 100 ಕಿ.ಮೀ. ಒಳಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಆ ಫಿಲ್ಟರನ್ನೂ ಕತ್ತರಿಸಿ ನೋಡಿ. ಹಿಟ್ಟಿನಷ್ಟು ನುಣ್ಣನೆಯ ಪುಡಿ ಇದ್ದರೆ ಚಿಂತೆಯಿಲ್ಲ, ಉಗುರಿನ ತುದಿಯಲ್ಲಿ ಎತ್ತಬಹುದಾದ ಚೂರು ಸಿಕ್ಕರೆ ಅಲ್ಲೇ ನಿಲ್ಲಿಸಿ. ಕ್ಲಚ್ ಎಣ್ಣೆಯಲ್ಲೇ ಮುಳುಗಿರುವ ಬೈಕಿಗೆ ಡಬ್ಬದ ಮೇಲೆ ಜಾಸೊ ಎಂಎ (ಬೈಕಿನ ಎಣ್ಣೆಗೆ ಜಪಾನಿನ ಮಾನದಂಡ) ಎಂದಿರುವ ಎಣ್ಣೆಯನ್ನೇ ಬಳಸಿ, ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಎಣ್ಣೆಯಿಂದ ಕ್ಲಚ್ ಜಾರುತ್ತದೆ. ವಾಲ್ವ್ ಸಡಿಲವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆಯಿರಿ, ಮತ್ತು ದೂರದ ಸವಾರಿಗೆ ಸಾಮಾನು ಕಟ್ಟುವ ಮೊದಲು ಕನಿಷ್ಠ 800 ಕಿ.ಮೀ. ಹತ್ತಿರದಲ್ಲೇ ಓಡಿಸಿ, ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಎಣ್ಣೆಯ ಮಟ್ಟ ನೋಡಿ ಬರೆದುಕೊಳ್ಳಿ.