ಅಮೆರಿಕದಲ್ಲಿ ಪುಟ್ಟ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಸೆನೆಟ್‌ನಲ್ಲಿ ಎರಡೇ ಸೀಟು ಏಕೆ?

ಸಂವಿಧಾನ ಬರೆಯುವಾಗ ಸಣ್ಣ ರಾಜ್ಯಗಳು ಪಟ್ಟು ಹಿಡಿದವು, ಅದಕ್ಕೆ. ಇದು ಸಿದ್ಧಾಂತಕ್ಕಿಂತ ಚೌಕಾಸಿಯ ಫಲ ಅನ್ನೋದೇ ಸರಿ.

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರತಿನಿಧಿಗಳು ಸೇರಿದ್ದರು. ಅಲ್ಲಿಯವರೆಗೆ ಒಂದು ರಾಜ್ಯಕ್ಕೆ ಒಂದು ಓಟು ಅಂತ ನಡೆದುಬಂದಿತ್ತು. ಜನ ಜಾಸ್ತಿ ಇದ್ದ ವರ್ಜೀನಿಯಾದವರು 'ಜನ ಎಷ್ಟೋ ಸೀಟು ಅಷ್ಟು' ಎಂಬ ಯೋಜನೆ ಮುಂದಿಟ್ಟರು. ಪುಟ್ಟ ಡೆಲವೇರ್ ಬಗ್ಗಲಿಲ್ಲ. ಸಮಾನ ಓಟು ಬಿಟ್ಟುಕೊಡಬಾರದು ಎಂದು ತಾಕೀತು ಮಾಡಿಯೇ ಅದು ತನ್ನವರನ್ನು ಕಳಿಸಿತ್ತು. ವಾರಗಟ್ಟಲೆ ಜಗ್ಗಾಟ ನಡೆದು, ಜುಲೈ 16ರಂದು ರಾಜಿ ಆಯಿತು: ಕೆಳಮನೆಯಲ್ಲಿ ಜನಸಂಖ್ಯೆ ಲೆಕ್ಕ, ಮೇಲ್ಮನೆಯಾದ ಸೆನೆಟ್‌ನಲ್ಲಿ ಎಲ್ಲರೂ ಸಮ. ಮಸೂದೆ ಎರಡೂ ಮನೆ ದಾಟಬೇಕಾದ್ದರಿಂದ ಯಾರನ್ನೂ ಸುಮ್ನೆ ಬದಿಗೆ ಸರಿಸೋಕೆ ಆಗಲ್ಲ.

ಇವತ್ತು ಇದು ತುಸು ವಿಚಿತ್ರವಾಗಿಯೇ ಕಾಣುತ್ತದೆ. 2020ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3.95 ಕೋಟಿ ಜನ, ವಯೋಮಿಂಗ್‌ನಲ್ಲಿ 5.77 ಲಕ್ಷ. ಕೆಳಮನೆಯಲ್ಲಿ ಕ್ಯಾಲಿಫೋರ್ನಿಯಾಗೆ 52 ಸೀಟು, ವಯೋಮಿಂಗ್‌ಗೆ ಒಂದೇ ಒಂದು. ಸೆನೆಟ್‌ಗೆ ಬಂದರೆ ಇಬ್ಬರಿಗೂ ಎರಡೆರಡು!

ಹಾಗಾದರೆ ಬದಲಾಯಿಸಬಹುದಲ್ವಾ? ಅದು ಹೆಚ್ಚುಕಮ್ಮಿ ಅಸಾಧ್ಯ. ಬೇರೆ ತಿದ್ದುಪಡಿಗಳಿಗೆ ಕೊನೆಯ ಹಂತದಲ್ಲಿ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಿದರೆ ಆಯಿತು. ಆದರೆ ಯಾವುದೇ ರಾಜ್ಯದ ಸಮಾನ ಓಟನ್ನು ಆ ರಾಜ್ಯ ಒಪ್ಪದೆ ಕಿತ್ತುಕೊಳ್ಳುವಂತಿಲ್ಲ ಎಂದು ಸಂವಿಧಾನದ ಐದನೇ ವಿಧಿಯಲ್ಲೇ ಬರೆದಿದೆ. ವಯೋಮಿಂಗ್ ತಾನಾಗಿ 'ನನ್ನ ಸೀಟು ಕಡಿಮೆ ಮಾಡಿ' ಅಂತ ಯಾಕೆ ಕೇಳುತ್ತದೆ?