ಮೊದಲು ಕ್ಯಾಮೆರಾ ನೋಡಿ, ಆಮೇಲೆ ಪ್ರೊಸೆಸರ್

ಪ್ರಶ್ನೆ: ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸಬೇಕು ಅಂತಿದ್ದೇನೆ. 1440ಪಿ ಮಾನಿಟರ್‌ನಲ್ಲಿ ಗೇಮ್ ಆಡುತ್ತೇನೆ. ಉಳಿದ ಹೊತ್ತು ಮಿರರ್‌ಲೆಸ್ ಕ್ಯಾಮೆರಾದಲ್ಲಿ ತೆಗೆದ 4ಕೆ ವಿಡಿಯೊಗಳನ್ನು ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುತ್ತೇನೆ. ನನ್ನ ಪಟ್ಟಿ: ರೈಝೆನ್ 9 9950ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 5060 ಟಿಐ 8 ಜಿಬಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ನಾಲ್ಕು ರ‍್ಯಾಮ್ ಕಡ್ಡಿಗಳು, 2 ಟಿಬಿಯ ಜೆನ್ 5 (ಐದನೇ ತಲೆಮಾರಿನ) ಎಸ್‌ಎಸ್‌ಡಿ ಒಂದು, ಕಡಿಮೆ ಬೆಲೆಗೆ ಸಿಕ್ಕ 650 ವ್ಯಾಟ್ ಪವರ್ ಸಪ್ಲೈ. ಎಡಿಟಿಂಗ್‌ಗೆ ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ?

ಉತ್ತರ: ಪೂರ್ತಿ ಹಾಗಲ್ಲ. ನಿಮ್ಮ ಪಟ್ಟಿಯಲ್ಲಿ ದುಡ್ಡೆಲ್ಲ ಪ್ರೊಸೆಸರ್ ಮತ್ತು ಎಸ್‌ಎಸ್‌ಡಿಗೆ ಹೋಗಿದೆ. ಎರಡೂ ಕೆಲಸಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಬಡವಾಗಿದೆ. ನೀವು ಒಂದು ಮುಖ್ಯ ವಿಷಯ ಬರೆದಿಲ್ಲ. ನಿಮ್ಮ ಕ್ಯಾಮೆರಾ ಯಾವ ಬಗೆಯ ಫೈಲ್ ಕೊಡುತ್ತದೆ?

4ಕೆ ಅಂದರೆ ಎಲ್ಲವೂ ಒಂದೇ ಅಲ್ಲ. ವಿಡಿಯೊವನ್ನು ಕುಗ್ಗಿಸಿ ಇಡುವ ಎಚ್.264, ಎಚ್.265 ಫೈಲ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮ್ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಫ್ರೇಮ್ ಇರುತ್ತದೆ. ನಡುವಿನವುಗಳಲ್ಲಿ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ಟೈಮ್‌ಲೈನ್‌ನಲ್ಲಿ ಎಲ್ಲೋ ನಡುವೆ ಕ್ಲಿಕ್ ಮಾಡಿದರೆ, ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮ್‌ಗೆ ಹೋಗಿ ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ಎಡಿಟಿಂಗ್‌ನಲ್ಲಿ ಕಾಣುವ ತಡವರಿಕೆಗೆ ಬಹುಪಾಲು ಇದೇ ಕಾರಣ. ಈ ಕೆಲಸಕ್ಕೆ ಚಿಪ್‌ನೊಳಗೆ ಪ್ರತ್ಯೇಕ ಡಿಕೋಡರ್ ಇರುತ್ತದೆ. ನಿಮ್ಮ ಫೈಲ್ ಬಗೆ ಅದಕ್ಕೆ ಗೊತ್ತಿದ್ದರೆ ಸಲೀಸು. ಗೊತ್ತಿಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಆಗ 16 ಕೋರ್ ಇದ್ದರೂ ಒದ್ದಾಟವೇ.

ತೊಡಕು ಬರುವುದು ಬಣ್ಣದ ವಿವರ ಹೆಚ್ಚು ಉಳಿಸಿಕೊಳ್ಳುವ 10 ಬಿಟ್ 4:2:2 ಎಚ್.265 ಫೈಲ್‌ಗಳಲ್ಲಿ. ಈಗಿನ ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಆಯ್ಕೆ ಇದೆ. ಬಣ್ಣ ತಿದ್ದಲು ಚೆನ್ನ ಅಂತ ಎಲ್ಲರೂ ಅದನ್ನೇ ಆನ್ ಮಾಡಿಕೊಳ್ಳುತ್ತಾರೆ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ, ಗ್ರಾಫಿಕ್ಸ್ ಒಳಗೇ ಇರುವ ಚಿಪ್‌ಗಳ ಕ್ವಿಕ್ ಸಿಂಕ್ ಅನ್ನುವ ಡಿಕೋಡರ್‌ಗೆ ಇದನ್ನು ಬಿಡಿಸಲು ಬರುತ್ತದೆ. ಎನ್‌ವಿಡಿಯಾದಲ್ಲಿ 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಗೆ ಬರುತ್ತದೆ, 30 ಮತ್ತು 40 ಸರಣಿಗಳಿಗೆ ಬರುವುದಿಲ್ಲ. ರೈಝೆನ್ ಚಿಪ್‌ನೊಳಗಿನ ಪುಟ್ಟ ಗ್ರಾಫಿಕ್ಸ್‌ಗೂ ಬರುವುದಿಲ್ಲ. ಅದಕ್ಕೇ ಹಳೆಯ ಆದರೆ ದೊಡ್ಡ ಎನ್‌ವಿಡಿಯಾ ಕಾರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುವ ಮುನ್ನ ಕ್ಯಾಮೆರಾದ ಮೆನು ತೆರೆದು ನೋಡಿ. ಬಣ್ಣದ ವಿವರ ಕಡಿಮೆ ಇರುವ 8 ಬಿಟ್ 4:2:0 ಮಾತ್ರ ಬಳಸುತ್ತೀರಾ? ಹಾಗಿದ್ದರೆ ಈ ತಲೆನೋವೇ ಇಲ್ಲ, ಯಾವ ಹೊಸ ಕಾರ್ಡ್ ಆದರೂ ನಡೆಯುತ್ತದೆ.

ರಿಸಾಲ್ವ್‌ನ ಉಚಿತ ಆವೃತ್ತಿಗೂ ಹಣ ಕೊಟ್ಟು ಪಡೆಯುವ ಸ್ಟುಡಿಯೊ ಆವೃತ್ತಿಗೂ ಹಾರ್ಡ್‌ವೇರ್ ಡಿಕೋಡ್ ವಿಷಯದಲ್ಲಿ ವ್ಯತ್ಯಾಸ ಇದೆ. ರಿಸಾಲ್ವ್ ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯೇ ಯಾವ ಆವೃತ್ತಿ ಯಾವ ಕೋಡೆಕ್ (ವಿಡಿಯೊ ಕುಗ್ಗಿಸುವ ಬಗೆ) ತೆಗೆದುಕೊಳ್ಳುತ್ತದೆ ಅಂತ ಪಟ್ಟಿ ಪ್ರಕಟಿಸುತ್ತದೆ. ಕಾರ್ಡ್ ಆರಿಸುವ ಮುನ್ನ ಅದನ್ನು ನೋಡಿಕೊಳ್ಳಿ. ಎಷ್ಟೋ ಜನರಿಗೆ ಹೊಸ ಕಾರ್ಡ್‌ಗಿಂತ ಸ್ಟುಡಿಯೊ ಲೈಸೆನ್ಸ್‌ನಿಂದಲೇ ಜಾಸ್ತಿ ಲಾಭ ಆಗುತ್ತದೆ.

ಈಗ ಪಟ್ಟಿಗೆ ಬರೋಣ. ಕಾರ್ಡ್‌ನಲ್ಲಿ 8 ಜಿಬಿ ಬೇಡ. ಇಂದಿನ ಗೇಮ್‌ಗಳಲ್ಲಿ ಟೆಕ್ಸ್‌ಚರ್ ಏರಿಸಿದರೆ ಅಷ್ಟು ಮೆಮೊರಿ ಬೇಗ ಮುಗಿಯುತ್ತದೆ. ರಿಸಾಲ್ವ್‌ನಲ್ಲಿ 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ ಹಾಕಿದರೆ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೆಮೊರಿ ತುಂಬಿದೆ ಅನ್ನುವ ಸಂದೇಶ ಬಂದು ಕೆಲಸ ನಿಲ್ಲಬಹುದು. 5060 ಟಿಐ ಒಂದೇ ಹೆಸರಲ್ಲಿ 8 ಮತ್ತು 16 ಜಿಬಿ ಎರಡೂ ಬಗೆಯಲ್ಲಿ ಬರುತ್ತದೆ. ಡಬ್ಬಿ ಮೇಲಿನ ಅಂಕಿ ಓದಿಯೇ ಕೊಳ್ಳಿ. ಪ್ರೊಸೆಸರ್‌ನಲ್ಲಿ ಉಳಿಸಿದ ದುಡ್ಡನ್ನು ಇಲ್ಲಿ ಹಾಕಿ 16 ಜಿಬಿಯ 5070 ಟಿಐಗೆ ಹೋಗಲು ಆದರೆ ಬಹಳ ಒಳ್ಳೆಯದು. ಸುಮ್ಮನೆ 5070 ಅಂತ ಇರುವುದರಲ್ಲಿ 12 ಜಿಬಿ ಇದೆ. ಗೇಮ್‌ಗೆ ಸಾಕು, ಎಡಿಟಿಂಗ್‌ಗೆ ಸ್ವಲ್ಪ ಬಿಗಿ.

ಪ್ರೊಸೆಸರ್ ವಿಷಯದಲ್ಲಿ ಗೇಮ್ ಮತ್ತು ಎಡಿಟಿಂಗ್ ಬೇರೆ ಬೇರೆ ದಾರಿ ಹಿಡಿಯುತ್ತವೆ. ಗೇಮ್‌ಗಳಿಗೆ ಕೋರ್‌ಗಳ ರಾಶಿಗಿಂತ ಕ್ಯಾಶ್, ಅಂದರೆ ಚಿಪ್‌ನೊಳಗಿನ ವೇಗದ ಮೆಮೊರಿ, ಮುಖ್ಯ. 8 ಕೋರ್‌ನ ರೈಝೆನ್ 7 9800ಎಕ್ಸ್3ಡಿ 96 ಎಂಬಿ ಎಲ್3 ಕ್ಯಾಶ್ ಇಟ್ಟುಕೊಂಡು ಗೇಮ್‌ಗಳಲ್ಲಿ 16 ಕೋರ್‌ನ 9950ಎಕ್ಸ್ ಅನ್ನು ಹಿಂದೆ ಹಾಕುತ್ತದೆ. ಎಕ್ಸ್‌ಪೋರ್ಟ್‌ನಂಥ ಕೆಲಸಕ್ಕೆ ಕೋರ್‌ಗಳು ನೆರವಾಗುತ್ತವೆ. ಆದರೆ ರಿಸಾಲ್ವ್ ಬಹಳಷ್ಟು ಕೆಲಸವನ್ನು ಕಾರ್ಡ್‌ಗೆ ದಾಟಿಸುತ್ತದೆ. ನಿಮ್ಮಂಥವರಿಗೆ ನಾನು ಹೇಳುವುದು 12 ಕೋರ್‌ನ 9900ಎಕ್ಸ್, ಇಲ್ಲವೇ ಕ್ವಿಕ್ ಸಿಂಕ್ ಬೇಕೆಂದರೆ ಇಂಟೆಲ್‌ನ ಕೋರ್ ಅಲ್ಟ್ರಾ 7 265ಕೆ. 1440ಪಿಯಲ್ಲಿ ಗ್ರಾಫಿಕ್ಸ್ ಏರಿಸಿ ಆಡುವಾಗ ಸಾಮಾನ್ಯವಾಗಿ ಕಾರ್ಡೇ ಮೊದಲು ಸುಸ್ತಾಗುತ್ತದೆ. ಸ್ಪರ್ಧೆಯ ಶೂಟರ್ ಗೇಮ್‌ಗಳನ್ನು ಭಾರಿ ಫ್ರೇಮ್ ರೇಟ್‌ನಲ್ಲಿ ಆಡುವವರಾಗಿದ್ದರೆ ಎಕ್ಸ್3ಡಿ ತಗೊಳ್ಳಿ.

ರ‍್ಯಾಮ್ 64 ಜಿಬಿ ಸರಿ, ಆದರೆ ನಾಲ್ಕು ಕಡ್ಡಿ ಬೇಡ. 32 ಜಿಬಿಯ ಎರಡು ಕಡ್ಡಿ ಹಾಕಿ. ಎಎಮ್5 (ಈ ರೈಝೆನ್ ಚಿಪ್‌ಗಳು ಕೂರುವ) ಬೋರ್ಡ್‌ನಲ್ಲಿ ನಾಲ್ಕು ಕಡ್ಡಿ ತುಂಬಿದರೆ ರೈಝೆನ್ ತಯಾರಿಸುವ ಎಎಮ್‌ಡಿ ಖಾತರಿ ಕೊಡುವ ವೇಗ ಡಿಡಿಆರ್5-3600ಕ್ಕೆ ಇಳಿಯುತ್ತದೆ. ಎರಡೇ ಇದ್ದರೆ ಡಿಡಿಆರ್5-6000 ಸಾಮಾನ್ಯವಾಗಿ ಸಲೀಸಾಗಿ ಓಡುತ್ತದೆ. ಅದಕ್ಕೆ ಬಯಾಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪರದೆಯಲ್ಲಿ) ಎಕ್ಸ್‌ಪೋ ಅನ್ನುವ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಬೇಕು. ಮಾಡದಿದ್ದರೆ ಹಣ ಕೊಟ್ಟ ವೇಗ ಸಿಗುವುದೇ ಇಲ್ಲ. ಇನ್ನೊಂದು ಮಾತು. ಮೊದಲ ಸಲ ಪವರ್ ಕೊಟ್ಟಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಬಿದ್ದು ಸ್ವಿಚ್ ಆರಿಸಬೇಡಿ.

ಜೆನ್ 5 ಎಸ್‌ಎಸ್‌ಡಿ ನಿಮಗೆ ಏಕೆ ಬೇಡ ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಕ್ಯಾಮೆರಾ ಸೆಕೆಂಡಿಗೆ 200 ಮೆಗಾಬಿಟ್ ಬರೆಯುತ್ತದೆ ಅಂದುಕೊಳ್ಳಿ. ಎಂಟರಿಂದ ಭಾಗಿಸಿದರೆ 25 ಮೆಗಾಬೈಟ್. ಮೂರು ಕ್ಲಿಪ್ ಒಟ್ಟಿಗೆ ಓಡಿಸಿದರೂ 75. ಸಾಟಾ ಎಸ್‌ಎಸ್‌ಡಿಯೇ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ, ಜೆನ್ 4 ಸುಮಾರು 7,000. ಇನ್ನೂ ಹೆಚ್ಚಿನ ವೇಗ ಬೇಕಾಗುವುದು ಕ್ಯಾಮೆರಾದ ಕಚ್ಚಾ (ರಾ) ವಿಡಿಯೊ ಬಳಸುವವರಿಗೆ. ಅದೇ ದುಡ್ಡಿಗೆ ಜೆನ್ 4ರಲ್ಲಿ ಎರಡು ಡ್ರೈವ್ ತಗೊಳ್ಳಿ. ಒಂದು ವಿಂಡೋಸ್ ಮತ್ತು ಗೇಮ್‌ಗಳಿಗೆ, ಇನ್ನೊಂದು ವಿಡಿಯೊ ಮತ್ತು ರಿಸಾಲ್ವ್‌ನ ತಾತ್ಕಾಲಿಕ (ಕ್ಯಾಶ್) ಫೈಲ್‌ಗಳಿಗೆ. ವಿಡಿಯೊ ಡ್ರೈವ್ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಬಗೆ) ಇರಲಿ. ಅಗ್ಗದ ಕ್ಯೂಎಲ್‌ಸಿ (ನಾಲ್ಕು ಬಿಟ್ ಇಡುವ) ಡ್ರೈವ್‌ಗಳಲ್ಲಿ ದೊಡ್ಡ ಫೈಲ್ ಬರೆಯುತ್ತಾ ಹೋದಂತೆ ವೇಗ ಧಡಕ್ಕನೆ ಬಿದ್ದುಹೋಗುತ್ತದೆ.

ಪವರ್ ಸಪ್ಲೈನಲ್ಲಿ ಮಾತ್ರ ದಯವಿಟ್ಟು ಜುಗ್ಗತನ ಬೇಡ. 5070 ಟಿಐ ಒಂದೇ 300 ವ್ಯಾಟ್‌ವರೆಗೆ ಎಳೆಯುತ್ತದೆ, ಅದೂ ಒಮ್ಮೊಮ್ಮೆ ಕ್ಷಣಮಾತ್ರಕ್ಕೆ ಇನ್ನೂ ಮೇಲೆ ಹಾರುತ್ತದೆ. ಎಟಿಎಕ್ಸ್ 3.1 (ಪವರ್ ಸಪ್ಲೈಗಳ ಹೊಸ ಮಾನದಂಡ) ದರ್ಜೆಯ 850 ವ್ಯಾಟ್ ನೋಡಿ. 80 ಪ್ಲಸ್ ಗೋಲ್ಡ್ ಅನ್ನುವ ಮುದ್ರೆ ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ, ಒಳಗಿನ ಗುಣಮಟ್ಟವನ್ನಲ್ಲ. ಹಳೆಯ ಸಪ್ಲೈನ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಪ್ಲಗ್ ಹೊಂದಿದರೂ ಒಳಗಿನ ಪಿನ್‌ಗಳ ಜೋಡಣೆ ಬೇರೆ ಇರಬಹುದು. ಡ್ರೈವ್, ಬೋರ್ಡ್ ಸುಟ್ಟುಹೋಗುವುದು ಹೀಗೇ.

ಬೋರ್ಡ್, ಕೇಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಎಮ್‌ಡಿ ಆದರೆ ಬಿ850 ಚಿಪ್‌ಸೆಟ್‌ನ ಬೋರ್ಡ್ ಸಾಕು. ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಎರಡಾದರೂ ಇರಲಿ. ಕೇಸ್ ಮುಂಭಾಗ ಜಾಲರಿ ಇರಲಿ, ಕಾರ್ಡ್‌ನ ಉದ್ದ ಅಳೆದುಕೊಳ್ಳಿ.

ಪ್ರಶ್ನೆ: ಬಳಸಿದ ಕೋರ್ ಐ9 14900ಕೆ ಅಗ್ಗಕ್ಕೆ ಸಿಗುತ್ತಿದೆ. ಎಡಿಟಿಂಗ್‌ಗೆ ತಗೊಳ್ಳಬಹುದಾ?

ಉತ್ತರ: ವಾರಂಟಿ ನಿಮ್ಮ ಹೆಸರಿಗೆ ಬರುವುದಾದರೆ ಮಾತ್ರ. 13 ಮತ್ತು 14ನೇ ತಲೆಮಾರಿನ ಈ ಚಿಪ್‌ಗಳು ವೋಲ್ಟೇಜ್ ಜಾಸ್ತಿ ಎಳೆದು ಒಳಗೇ ಹಾಳಾಗುವ ದೋಷ ಹೊರಬಿತ್ತು. ಇಂಟೆಲ್ 2024ರ ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ಡಬ್ಬಿಯಲ್ಲಿ ಬಂದ ಚಿಪ್‌ಗಳಿಗೆ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಹಾನಿ ತಡೆಯುತ್ತದೆ, ಆಗಲೇ ಕೆಟ್ಟ ಚಿಪ್ಪನ್ನು ಸರಿಮಾಡುವುದಿಲ್ಲ. ಹಿಂದಿನವರು ಬಯಾಸ್ ಅಪ್‌ಡೇಟ್ ಮಾಡದೆ ಎಷ್ಟು ದಿನ ಓಡಿಸಿದ್ದರು ಅಂತ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಹೊಸ ಕಾರ್ಡ್ ಹಾಕಿ 165 ಹರ್ಟ್ಸ್ ಮಾನಿಟರ್ ತಂದರೂ ಗೇಮ್ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡಿದಂತೆಯೇ ಓಡುತ್ತಿದೆ. ಕಾರ್ಡ್ ಕೆಟ್ಟಿದೆಯೇ?

ಉತ್ತರ: ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ. ಮದರ್‌ಬೋರ್ಡ್‌ನ ಎಚ್‌ಡಿಎಂಐ ಕಿಂಡಿಯಲ್ಲಿದ್ದರೆ ತೆಗೆದು, ಕೆಳಗೆ ಅಡ್ಡಡ್ಡ ಇರುವ ಕಾರ್ಡ್‌ನ ಕಿಂಡಿಗೆ ಹಾಕಿ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 60ರಲ್ಲೇ ನಿಂತಿದ್ದರೆ 165ಕ್ಕೆ ಬದಲಿಸಿ. ಎರಡೂ ಸರಿ ಇದ್ದೂ ಹೀಗೇ ಆದರೆ ಕಾರ್ಡ್‌ಗೆ ಪವರ್ ಕೇಬಲ್ ಕೊನೆಯವರೆಗೆ ಕೂತಿದೆಯೇ ಅಂತ ಒತ್ತಿ ನೋಡಿ, ಕಂಪ್ಯೂಟರ್ ಆಫ್ ಮಾಡಿಕೊಂಡು.